ಉಲ್ಟಾ ಕಲಮು

ತಪ್ಪು ಕೆಲಸವನ್ನು ಚೆನ್ನಾಗಿದೆ ಎಂದು ಹೊಗಳಿದ ಉಸ್ತಾದನ ಕಲಮು ಆ ಗಳಿಗೆಯಲ್ಲೇ ಮೊಂಡಾಗುತ್ತದೆ ಎಂದು ನಮ್ಮಪ್ಪ ಹೇಳುತ್ತಿದ್ದ. ಕಲಮು ಎಂದರೆ ನಮ್ಮ ಬೀದರಿನಲ್ಲಿ ಬರೆಯುವ ಲೇಖನಿಯಲ್ಲ, ಬಿದರಿ ಪಾತ್ರೆಯ ಲೋಹದಲ್ಲಿ ಬೆಳ್ಳಿ ಕೂರಿಸುವ ತೋಡು ಕೆತ್ತುವ ಸಣ್ಣ ಉಕ್ಕಿನ ಉಳಿ. ಅಪ್ಪನ ಈ ಮಾತನ್ನು ನಾನು ನಲವತ್ತು ವರ್ಷ ನಂಬಿದೆ. ನನ್ನ ಹತ್ತಿರ ಕಲಿಯಲು ಬಂದವರೆಲ್ಲ ಒಮ್ಮೆಯಾದರೂ ಅತ್ತೇ ಹೋಗಿದ್ದಾರೆ. ಜಗದೇವಿಯ ಬಾಯಲ್ಲಿ 'ಛಲೋ ಅದ' ಅನ್ನಿಸುವುದಕ್ಕಿಂತ ಕೋಟೆಯ ಮೇಲಿನ ತೋಪು ಹಾರಿಸುವುದು ಸುಲಭ ಎಂದು ಓಣಿಯವರು ನಗುತ್ತಿದ್ದರು. ನಗಲಿ ಬಿಡಿ. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ನಾನೇ ಉಸ್ತಾದಳಾದೆ, ಹೆಂಗಸಿನ ಕೈಯ ಕೆಲಸದಲ್ಲಿ ಒಂದು ಕೂದಲೆಳೆ ಹೆಚ್ಚುಕಮ್ಮಿಯಾದರೂ ಊರಿಗೆ ಹಬ್ಬ.

ಹನ್ನೆರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಡಾಕ್ಟರ್ ಸಂಜೀವ ಚಿಮಕೋಡೆ ನನ್ನ ಕಾರ್ಖಾನೆಗೆ ಬಂದ. ಕಣ್ಣಿನ ಸರ್ಜನ್, ನಮ್ಮ ಭಾಗದವನೇ. ಕಪಾಟಿನಲ್ಲಿದ್ದ ಮುತ್ತಜ್ಜನ ಕಾಲದ ಹುಕ್ಕಾ ಬುಡವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಅಂಟಿಲ್ಲ, ಮೊಳಿ ಇಲ್ಲ. ಇಷ್ಟು ವರ್ಷ ಆದ್ರೂ ಇದರಾಗಿನ ಬೆಳ್ಳಿ ಯಾಕ ಬಿದ್ದಿಲ್ರೀ?"

"ತೋಡಿನ ಬಾಯಿ ಸಣ್ಣದು, ಹೊಟ್ಟಿ ದೊಡ್ಡದು," ಎಂದೆ. "ಬೆಳ್ಳಿ ಒಳಗ ಕುಂತ್ರ ಹೊರಗ ಬರಲಾಕ ದಾರಿ ಎಲ್ಲದ?"

ಅವನು ಬೆಳ್ಳಿಯ ಅಂಚಿಗೆ ಉಗುರು ಎಳೆದು ನೋಡಿ, "ಇದೇ ತೋಡು ಕಣ್ಣಿನ ಗ್ವಾಡ್ಯಾಗ ತೋಡಿದ್ರ ಹ್ಯಾಂಗ?" ಎಂದ. ಎಲ್ಲ ಶುರುವಾದದ್ದು ಆ ಒಂದು ಪ್ರಶ್ನೆಯಿಂದ.

ಅವನ ಕಷ್ಟ ಇದು. ಕಣ್ಣಿನ ಒಳಪರದೆ ಸತ್ತವರಿಗಾಗಿ ವಿಜ್ಞಾನಿಗಳು ಅಕ್ಕಿಕಾಳಿನಷ್ಟು ಉದ್ದದ, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಒಂದು ಬಿಲ್ಲೆ ಮಾಡಿದ್ದರು. ಕನ್ನಡಕದಲ್ಲಿ ಕ್ಯಾಮೆರಾ. ಅದು ಕಂಡದ್ದನ್ನು ಬಿಲ್ಲೆಗೆ ಕಳಿಸುತ್ತದೆ, ಬಿಲ್ಲೆ ಸಣ್ಣ ಮಿಂಚು ಹೊಡೆದು ಉಳಿದ ನರಗಳನ್ನು ಎಬ್ಬಿಸುತ್ತದೆ, ಕುರುಡನಿಗೆ ಕಪ್ಪಿನ ಮೇಲೆ ಬಿಳಿ ಚುಕ್ಕೆಗಳಲ್ಲಿ ಜಗತ್ತು ಕಾಣುತ್ತದೆ. ಆದರೆ ಕಣ್ಣು ದಿನಕ್ಕೆ ಲಕ್ಷ ಸಲ ಹೊರಳುವ ವಸ್ತು. ಹೊಲಿಗೆ ಹಾಕಿದರೆ ಹರಿಯುತ್ತಿತ್ತು, ಅಂಟು ಹಾಕಿದರೆ ಬಾವು. ಬಿಲ್ಲೆ ಜಾರಿದರೆ ಜಗತ್ತೂ ಜಾರಿತು. ಬಿಲ್ಲೆಯನ್ನು ತಾನೇ ಹಿಡಿದುಕೊಳ್ಳುವ ಒಂದು ಜೇಬನ್ನು ಕಣ್ಣಿನ ಗೋಡೆಯಲ್ಲಿ ಕೊಯ್ಯಬೇಕಿತ್ತು. ಅಂಥ ಚಾಕು ಜಗತ್ತಿನಲ್ಲಿರಲಿಲ್ಲ, ಅಂಥ ಕೈ ಬೀದರಿನಲ್ಲಿತ್ತು.

ಹತ್ತು ತಿಂಗಳು ಅವನು ನನ್ನೆದುರು ನೆಲದ ಮೇಲೆ ಕುಳಿತು ಕಲಿತ. ಶನಿವಾರ ಬಂದರೆ ಸೋಮವಾರ ಹೋಗುತ್ತಿದ್ದ, ನಮ್ಮ ಮನೆಯಲ್ಲೇ ಊಟ. ನಮ್ಮಲ್ಲಿ ಒಂದು ಕಟ್ಟಳೆ ಇದೆ: ತುಂಬುವುದನ್ನು ಕಲಿಯುವ ಮೊದಲು ಬಿಚ್ಚುವುದನ್ನು ಕಲಿಯಬೇಕು. ಕೆಟ್ಟುಹೋದ ಹಳೆಯ ಪಾತ್ರೆ ಕೊಟ್ಟು, ಅದರ ಬೆಳ್ಳಿಯನ್ನು ತೋಡಿನ ಬಾಯಿ ಹರಿಯದಂತೆ ತೆಗೆ ಎನ್ನುತ್ತೇವೆ. ಅದಕ್ಕೆ ಇರುವುದೇ ಉಲ್ಟಾ ಕಲಮು. ತುದಿ ಕೊಕ್ಕೆಯಂತೆ ಬಾಗಿರುತ್ತದೆ. ತೋಡು ಶುರುವಾದ ಕಡೆಯಿಂದ ತೂರಿಸಿ, ತುಟಿಯನ್ನು ಮೆಲ್ಲಗೆ ಎತ್ತಿ, ಬೆಳ್ಳಿಯನ್ನು ಜಾರಿಸಿಕೊಂಡು ಬರಬೇಕು. ಬಿಚ್ಚಲು ಬಾರದವನಿಗೆ ತೋಡುವ ಹಕ್ಕಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಚಿಮಕೋಡೆ ಮೊದಲ ಎರಡು ತಿಂಗಳು ಕಲಿತದ್ದು ಇದನ್ನೇ.

ತುಂಬಾ ಜಾಣ. ಆದರೆ ಅವನ ಕೈಗೆ ಒಂದು ಚಟ. ತೋಡು ಮುಗಿಯಲು ಎರಡು ಕೂದಲೆಳೆ ಇರುವಾಗಲೇ ಮಣಿಕಟ್ಟು ಮೇಲಕ್ಕೆ ಎದ್ದುಬಿಡುತ್ತಿತ್ತು. ಅಲ್ಲಿಗೆ ತೋಡಿನ ಹೊಟ್ಟೆ ತುದಿಯವರೆಗೆ ಬರುತ್ತಿರಲಿಲ್ಲ, ಕೊನೆಯಲ್ಲಿ ಒಂದು ಸಣ್ಣ ಇಳಿಜಾರು ಉಳಿಯುತ್ತಿತ್ತು. ನಾನು ಸುತ್ತಿಗೆಯ ಹಿಡಿಯಿಂದ ಅವನ ಮಣಿಕಟ್ಟಿಗೆ ಎಷ್ಟು ಸಲ ಬಾರಿಸಿದ್ದೇನೋ ಲೆಕ್ಕವಿಲ್ಲ.

"ಕೊನೀಗೆ ಕೈ ಎತ್ತಬ್ಯಾಡ ಅಂದ್ರ ತಿಳ್ಯಾಂಗಿಲ್ಲೇನು? ಬಸ್ ನಿಂದರೂಕಿಂತ ಮೊದಲ ಇಳಿಯಾವ ಇದ್ದಂಗಿದ್ದಿ!"

"ಈಗ ಹ್ಯಾಂಗದ್ರೀ ಉಸ್ತಾದ್?"

"ತಪ್ಪದ."

"ಇದು?"

"ಇದೂ ತಪ್ಪದ."

ಕೊನೆಯ ದಿನ ಅವನು ಕಾಲಿಗೆ ಬಿದ್ದಾಗಲೂ ನಾನು ಛಲೋ ಅನ್ನಲಿಲ್ಲ. ಅದರ ಬದಲು ನನ್ನದೇ ಉಲ್ಟಾ ಕಲಮನ್ನು ಅವನ ಕೈಗಿಟ್ಟೆ. ಅಪ್ಪ ನನ್ನ ಕೈಗೆಂದು ಒರೆದುಕೊಟ್ಟದ್ದು ಅದು. ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಕೊಡಬೇಕಾದದ್ದನ್ನು ಅವನಿಗೆ ಕೊಟ್ಟೆ. ನನಗೆ ಮಕ್ಕಳಿಲ್ಲ.

ಮುಂದಿನದು ಕಂಪನಿಯ ಕೆಲಸ. ಚಿಮಕೋಡೆ ಸಾವಿರಾರು ಮೇಕೆಕಣ್ಣುಗಳಲ್ಲಿ ಆ ಜೇಬನ್ನು ಕೊಯ್ದ. ಅವನ ಬೆರಳಿಗೆ, ಮಣಿಕಟ್ಟಿಗೆ ಕಟ್ಟಿದ ತಂತಿಗಳು ಪ್ರತಿ ಅಲುಗಾಟವನ್ನೂ ಯಂತ್ರಕ್ಕೆ ಕಲಿಸಿದವು. ಹೀಗೆ ಹುಟ್ಟಿತು ತಾನೇ ಕೊಯ್ಯುವ ವಜ್ರದ ಚಾಕು. ಅದಕ್ಕೆ ಹೆಸರೂ 'ಕಲಮ್' ಎಂದೇ ಇಟ್ಟರು. ದೇಶದ ತುಂಬ ಆಸ್ಪತ್ರೆಗಳಲ್ಲಿ ಯಂತ್ರಗಳು ನಿಂತು, ಒಂದೇ ಕೈ ಲಕ್ಷ ಕೈಗಳಾಗಿ ಕೊಯ್ಯತೊಡಗಿತು.

ಬಿಲ್ಲೆ ಹಾಕಿಸಿಕೊಂಡ ಮೊದಲ ನೂರು ಜನರಲ್ಲಿ ನನ್ನ ಗಂಡ ವೈಜಿನಾಥನೂ ಒಬ್ಬ. ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಎಡಗಣ್ಣು ಚಿಕ್ಕಂದಿನಲ್ಲೇ ಚಿಣ್ಣಿದಾಂಡಿನ ಏಟಿಗೆ ಹೋಗಿತ್ತು. ನಲವತ್ತಕ್ಕೆ ರಾತ್ರಿಗುರುಡು, ಐವತ್ತಕ್ಕೆ ಪೂರ್ತಿ ಕತ್ತಲೆ. ಉಳಿದ ಆ ಒಂದು ಬಲಗಣ್ಣಿಗೆ ಚಿಮಕೋಡೆಯೇ ಪಕ್ಕದಲ್ಲಿ ನಿಂತು ಬಿಲ್ಲೆ ಹಾಕಿಸಿದ. ಪಟ್ಟಿ ಬಿಚ್ಚಿದ ದಿನ ವೈಜಿನಾಥ ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿದ.

"ಜಗತ್ತೆಲ್ಲ ಬಿದರಿ ಆಗ್ಯದಲೇ! ಕರ್ರನ ನೆಲದಾಗ ಬೆಳ್ಳಿ ಚುಕ್ಕಿ. ಆ ಮಿಣಮಿಣ ಅನ್ನೋದು ನಿನ್ನ ಮೂಗುತಿ ಏನು?"

ಆರು ವರ್ಷ ಅವನು ಆ ಬಿದರಿ ಜಗತ್ತಿನಲ್ಲಿ ಖುಷಿಯಾಗಿದ್ದ. ತೊಗರಿಬೇಳೆಯಲ್ಲಿ ಕಲ್ಲು ಆರಿಸುವುದು ತನ್ನ ಕೆಲಸ ಎಂದು ಕಸಿದುಕೊಂಡು, ಕಲ್ಲು ಬಿಟ್ಟು ಬೇಳೆಯನ್ನೇ ಆರಿಸಿ ಬೈಸಿಕೊಳ್ಳುತ್ತಿದ್ದ.

ಏಳನೆಯ ವರ್ಷ ಕಣ್ಣು ಕೆಂಪಾಯಿತು. ಮೊದಲು ಧೂಳು ಎಂದ, ಆಮೇಲೆ ನಿದ್ದೆಗೇಡು ಎಂದ. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ತಣ್ಣನೆಯ ಲೋಟವನ್ನು ಕಣ್ಣಿಗೆ ಒತ್ತಿಕೊಂಡು ಗೋಡೆಗೆ ಹಣೆ ಚಚ್ಚುತ್ತಿದ್ದುದನ್ನು ನಾನೇ ನೋಡಿದೆ. ಒಳಗೆ ಬಿಲ್ಲೆ ಬಿಸಿಯಾಗುತ್ತಿತ್ತು. ಅದರ ಅಂಚು ಬಿರುಕು ಬಿಟ್ಟು ಸುತ್ತಲೂ ಬಾವು ಬಂದಿತ್ತು. ಕಂಪನಿಗೆ ಬರೆದೆವು. ಉತ್ತರ ಬಂತು: ಆ ಮಾದರಿಯ ಬಿಲ್ಲೆಯ ಸೇವೆ ನಿಂತಿದೆ, ಬಿಲ್ಲೆಯನ್ನು ಹೊರತೆಗೆಯುವ ಉಪಕರಣ ಜಗತ್ತಿನಲ್ಲಿ ಇಲ್ಲ, ನೋವು ಹೆಚ್ಚಾದರೆ ಕಣ್ಣುಗುಡ್ಡೆಯನ್ನೇ ತೆಗೆಸುವುದು ಸೂಕ್ತ. ಕೆಳಗೆ ಸಹಿ, ಡಾಕ್ಟರ್ ಸಂಜೀವ ಚಿಮಕೋಡೆ, ಮುಖ್ಯ ತಜ್ಞ.

ನಾನು ಆ ಕಾಗದವನ್ನು ಮೂರು ಸಲ ಓದಿದೆ. ಉಪಕರಣ ಇಲ್ಲವಂತೆ. ಎರಡು ತಿಂಗಳು ಬೆರಳು ಕೊಯ್ದುಕೊಂಡು ಕಲಿತವನು ಹಾಗೆ ಬರೆದಿದ್ದ. ಯಾರೋ ಗುಮಾಸ್ತ ಅವನ ಹೆಸರಲ್ಲಿ ಬರೆದಿರಬೇಕು ಎಂದುಕೊಂಡು ಬೆಳಗಿನ ಮೊದಲ ಬಸ್ಸಿಗೆ ಹೈದರಾಬಾದಿಗೆ ಹೋದೆ.

ಕಂಪನಿಯ ತರಬೇತಿ ಕೋಣೆ ಮದುವೆ ಛತ್ರದಷ್ಟು ದೊಡ್ಡದು. ಸಾಲು ಮೇಜುಗಳ ಮೇಲೆ ಬಟ್ಟಲು, ಪ್ರತಿ ಬಟ್ಟಲಲ್ಲಿ ಒಂದು ಮೇಕೆಕಣ್ಣು, ಅದರ ಮೇಲೆ ಬಾಗಿದ ಯಂತ್ರದ ತೋಳು. ಒಂದು ಗೋಡೆಯ ತುಂಬ ಪರದೆ. ದೇಶದಲ್ಲಿರುವ ಅಷ್ಟೂ ಬಿಲ್ಲೆಗಳು ಅಲ್ಲಿ ಹಸಿರು ಚುಕ್ಕೆಗಳಾಗಿ ಉರಿಯುತ್ತಿದ್ದವು, ಅಲ್ಲೊಂದು ಇಲ್ಲೊಂದು ಕೆಂಪು. ಬೀದರಿನ ಜಾಗದಲ್ಲಿ ಒಂದು ಕೆಂಪು ಚುಕ್ಕೆ ನನಗೆ ಕಾಣಿಸಿತು. ಎದುರು ಗೋಡೆಯ ಮೇಲೆ ಕಟ್ಟು ಹಾಕಿಸಿದ ನನ್ನ ಫೋಟೋ ಇತ್ತು, ಹೂವಿನ ಹಾರ ಒಂದು ಕಡಿಮೆ.

ಚಿಮಕೋಡೆ ಎಲ್ಲರೆದುರು ನನ್ನ ಕಾಲು ಮುಟ್ಟಿದ. ಚಹಾ ತರಿಸಿದ.

"ಸಂಜೀವಾ, ನನ್ನ ಉಲ್ಟಾ ಕಲಮ್ ಎಲ್ಲದ?"

"ಅದು ಲೋಹದ ಕೆಲಸಕ್ರೀ ಉಸ್ತಾದ್. ಕಣ್ಣು ಮಾಂಸ. ಮಾಂಸ ಹರೀತದ."

"ಮೇಕಿ ಕಣ್ಣಾಗ ನೀನೇ ತಗದು ತೋರ್ಸಿದ್ದಿ. ನಮ್ಮ ಮನಿ ಜಗಲಿ ಮ್ಯಾಲ ಕುಂತು."

ಅವನು ಕಪ್ಪನ್ನು ಬಸಿಯಲ್ಲಿ ತಿರುಗಿಸುತ್ತ ಕುಳಿತ. "ಹಾಕಿದ್ದು ತೆಗೀಬಹುದು ಅಂತ ಜನಕ್ಕ ಗೊತ್ತಾದ್ರ, ನಾಳಿ ನಮ್ಮದು ತಗದು ಇನ್ನೊಂದು ಕಂಪನೀದು ಹಾಕ್ಸ್ಕೋತಾರ. ಕಂಪನಿ ಒಪ್ಪಂಗಿಲ್ರೀ. ನನ್ನ ಕೈಯಾಗ ಇಲ್ಲ." ಆಮೇಲೆ ಮೆಲ್ಲಗೆ, "ವೈಜಿನಾಥ ಕಾಕಾರ ಕಣ್ಣು ತೆಗಸ್ರಿ. ಖರ್ಚೆಲ್ಲಾ ನಂದು," ಎಂದ.

ಉಂಡ ಮನೆಯ ಜಂತೆ ಎಣಿಸುವವರನ್ನು ನೋಡಿದ್ದೆ, ಜಂತೆಯನ್ನೇ ಕಿತ್ತು ಮಾರುವವನನ್ನು ಅವತ್ತು ನೋಡಿದೆ. ಚಹಾ ಕುಡಿಯಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಜಹೀರಾಬಾದಿನವರೆಗೂ ಅತ್ತೆ, ಪಕ್ಕದ ಹೆಂಗಸು ಯಾರು ತೀರಿಕೊಂಡರು ಎಂದು ಕೇಳಿದಳು. ಮಗ ಎಂದೆ.

ಮನೆಯಲ್ಲಿ ವೈಜಿನಾಥ ಎಲ್ಲ ಕೇಳಿ, "ಅಂವಾ ಬರೋದು ಗೊತ್ತಾದ ಕೂಡ್ಲೇ ನಾನೇ ಓಡಿ ಕೋಳಿ ತರ್ತಿದ್ದೆ," ಎಂದಷ್ಟೇ ಹೇಳಿದ. ಆಮೇಲೆ ನನ್ನ ಕೈ ಹುಡುಕಿ ಹಿಡಿದುಕೊಂಡ. "ಕಣ್ಣು ತೆಗಸೂದು ಬ್ಯಾಡ ಜಗೂ. ಕುರುಡ ಆಗೇ ಇರ್ತೀನಿ, ಅದರ ಚಿಂತಿಲ್ಲ. ಕಣ್ಣು ಇದ್ರ ನಾಳಿಗಿ ಏನರೆ ಬರ್ತದ. ಕಣ್ಣಿನ ಜಾಗದಾಗ ಬರೇ ಗುಣಿ ಉಳಿದ್ರ ಏನು ಬರ್ತದ?"

ಆ ಕಣ್ಣನ್ನು ಉಳಿಸಲೇಬೇಕು ಎಂದು ನಾನು ಹಲ್ಲು ಕಚ್ಚಿದೆ. ನಮ್ಮ ಜಿಲ್ಲಾ ಆಸ್ಪತ್ರೆಯ ಕಣ್ಣಿನ ಡಾಕ್ಟರ್ ಜಬೀನ್ ಹತ್ತಿರ ಹೋದೆ. ಮೂವತ್ತೈದರ ಹುಡುಗಿ, ಮಾತು ಕಡಿಮೆ. ಉಲ್ಟಾ ಕಲಮಿನಿಂದ ಬಿಲ್ಲೆ ತೆಗೆಯಬಹುದು ಎಂಬ ನನ್ನ ಮಾತು ಕೇಳಿ ನಗಲಿಲ್ಲ, ಅದೇ ದೊಡ್ಡದು. ಬಾವು ಬಿಲ್ಲೆಯಿಂದ ಇಡೀ ಕಣ್ಣಿಗೆ ಹರಡಲು ಹದಿನೈದು ದಿನ ಹಿಡಿಯಬಹುದು, ಅಷ್ಟರೊಳಗೆ ಏನಾದರೂ ಮಾಡದಿದ್ದರೆ ಕಣ್ಣು ತೆಗೆಯಲೇಬೇಕು ಎಂದಳು. ವೈಜಿನಾಥನ ಕಣ್ಣಿನ ಸ್ಕ್ಯಾನ್ ತೆಗೆದು ಕೋಣೆಯ ಗೋಡೆಯ ಮೇಲೆ ಹಾಸಿಗೆಯಷ್ಟು ದೊಡ್ಡದಾಗಿ ಬಿಟ್ಟಳು.

ಬೇರೆಯವರಿಗೆ ಅದು ಬೂದುಬಣ್ಣದ ಮೋಡ. ನನಗೆ ಅದು ತೋಡು. ಬೆರಳಿಟ್ಟುಕೊಂಡು ಹೋದೆ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ನಾನು ಕಲಿಸಿದ ಹಾಗೇ. ಶುರುವಿನ ತುದಿಗೆ ಬಂದಾಗ ಬೆರಳು ನಿಂತಿತು.

"ಇದೇನವ್ವಾ ಇಲ್ಲಿ?"

"ಬಿಲ್ಲೆಗೆ ಒಂದು ಸಣ್ಣ ಹಲ್ಲು ಅದ್ರೀ. ಗೋಡಿಗೆ ಕಚ್ಚಿಕೊಂಡದ. ಬಿಲ್ಲೆ ಅಲುಗಾಡಬಾರದು ಅಂತ ಇರಬೇಕು."

ಅಲುಗಾಡಬಾರದು ಅಂತ ಅಲ್ಲ. ಬಿಲ್ಲೆಯನ್ನು ಹಿಡಿಯಲು ತೋಡೇ ಸಾಕಿತ್ತು. ಆ ಹಲ್ಲು ಕೂತದ್ದು ಉಲ್ಟಾ ಕಲಮು ಒಳಗೆ ಹೋಗುವ ದಾರಿಯಲ್ಲಿ, ಸರಿಯಾಗಿ ಅದರ ಕೊಕ್ಕೆ ತಿರುಗುವ ಜಾಗದಲ್ಲಿ. ಇದನ್ನು ಕಂಪನಿಯ ಯಾವ ಇಂಜಿನಿಯರನೂ ಯೋಚಿಸಲಾರ. ಬಿಚ್ಚುವ ದಾರಿ ಗೊತ್ತಿದ್ದವನಿಗೆ ಮಾತ್ರ ಆ ದಾರಿಯನ್ನು ಮುಚ್ಚಲು ಬರುತ್ತದೆ. ಗುರುವಿಗೇ ತಿರುಮಂತ್ರ ಎಂದು ಕೇಳಿದ್ದೆ. ನಾನು ಕೊಟ್ಟ ಕಲಮನ್ನು ಅವನು ಎಸೆದಿರಲಿಲ್ಲ, ಅಳತೆ ತೆಗೆದಿದ್ದ. ಅದೂ ಆರು ವರ್ಷದ ಹಿಂದೆ, ನನ್ನ ಗಂಡನ ಕಣ್ಣಿನಲ್ಲಿ, ನಮ್ಮ ಮನೆಯಲ್ಲಿ ಉಂಡು ಹೋದ ಮರುದಿನ.

ಜಬೀನ್ ಕುರ್ಚಿ ಎಳೆದು ನನ್ನನ್ನು ಕೂರಿಸಿದಳು. ನೀರು ಕುಡಿದು ತಲೆಯೆತ್ತಿದಾಗ ಕಣ್ಣು ತೋಡಿನ ಇನ್ನೊಂದು ತುದಿಗೆ, ಮುಗಿಯುವ ಕಡೆಗೆ ಬಿತ್ತು. ಅಲ್ಲಿ ಹೊಟ್ಟೆ ಕೊನೆಯವರೆಗೆ ಬಂದಿರಲಿಲ್ಲ. ಎರಡು ಕೂದಲೆಳೆ ಮೊದಲೇ ಒಂದು ಇಳಿಜಾರು.

"ಕೈ ಎತ್ಯಾನ ಭಾಡ್ಯಾ!" ಎಂದು ನಾನು ಕೂಗಿಬಿಟ್ಟೆ. ಹೊರಗಿನ ನರ್ಸ್ ಓಡಿಬಂದಳು.

ಯಂತ್ರ ಅವನ ಗುಣ ಕಲಿಯುವಾಗ ದೋಷವನ್ನೂ ಕಲಿತಿತ್ತು. ಬಿಲ್ಲೆ ಹೇಗೂ ಅಲುಗಾಡುತ್ತಿರಲಿಲ್ಲವಾದ್ದರಿಂದ ಆ ಇಳಿಜಾರನ್ನು ಯಾರೂ ಗಮನಿಸಿರಲಿಲ್ಲ. ಸರಿಯಾದ ತೋಡಿನಲ್ಲಿ ಮುಗಿಯುವ ತುದಿ ಎಲ್ಲಕ್ಕಿಂತ ಬಿಗಿ, ಅಲ್ಲಿಂದ ಯಾವ ಕಲಮೂ ಹೋಗದು. ಅವನ ತೋಡಿನಲ್ಲಿ ಮಾತ್ರ ಅದೇ ಹಿತ್ತಿಲ ಬಾಗಿಲು. ಜಬೀನ್ ಬೇರೆ ಹದಿನೆಂಟು ರೋಗಿಗಳ ಸ್ಕ್ಯಾನ್ ತೆರೆದಳು. ಹದಿನೆಂಟರಲ್ಲೂ ಹಲ್ಲು ಇತ್ತು, ಹದಿನೆಂಟರಲ್ಲೂ ಇಳಿಜಾರು ಇತ್ತು.

ಮೂರು ದಿನ ಕೂತು ನೆನಪಿನಿಂದಲೇ ಹೊಸ ಕಲಮು ಮಾಡಿದೆ. ಅಪ್ಪನ ಉಲ್ಟಾ ಕಲಮನ್ನು ಕನ್ನಡಿಯಲ್ಲಿ ಹಿಡಿದರೆ ಹೇಗೆ ಕಾಣುತ್ತದೋ ಹಾಗೆ, ಕೊಕ್ಕೆ ಎಡಕ್ಕೆ. ಜಬೀನ್ ಕೈ ಪಳಗಿಸಲು ಮೇಕೆಕಣ್ಣು ತರಿಸಿದೆವು. ಅವುಗಳಲ್ಲಿ ಚಿಮಕೋಡೆಯ ತೋಡು ಬೇಕಲ್ಲ? ನಾನೇ ತೋಡಿದೆ. ನಲವತ್ತು ವರ್ಷದಲ್ಲಿ ಮೊದಲ ಸಲ ಬೇಕೆಂದೇ ಕೊನೆಗೆ ಕೈ ಎತ್ತಿದೆ, ಅಷ್ಟು ಸುಲಭವಲ್ಲ ಅದು. ಜಬೀನ್ ಒಂದೊಂದಾಗಿ ಎಪ್ಪತ್ತು ಕಣ್ಣು ಬಿಚ್ಚಿದಳು. ಮೊದಲ ಮೂವತ್ತರಲ್ಲಿ ಗೋಡೆ ಹರಿಯಿತು.

"ತಪ್ಪದ," ಎನ್ನುತ್ತಿದ್ದೆ. ಅವಳು ಅಳಲಿಲ್ಲ, ಇನ್ನೊಂದು ಬಟ್ಟಲು ಎಳೆದುಕೊಳ್ಳುತ್ತಿದ್ದಳು.

ಹನ್ನೊಂದನೆಯ ದಿನ ವೈಜಿನಾಥನನ್ನು ಮಲಗಿಸಿದರು. ಕಣ್ಣಷ್ಟೇ ಮರಗಟ್ಟಿತ್ತು, ಬಾಯಿ ಅಲ್ಲ. "ಟಿಕೆಟ್ ತಗೊಂಡೀರೇನು ಎಲ್ಲಾರೂ?" ಎಂದು ಕೇಳಿದ. ನಾನು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಪರದೆಯೆದುರು ನಿಂತೆ. ಜಬೀನ್ ಕೈಯ ಕಲಮು ಇಳಿಜಾರಿನ ಕಡೆಯಿಂದ ಒಳಗೆ ಹೋಯಿತು. ತುಟಿ ಎದ್ದಿತು. ಬಿಲ್ಲೆ ಹಲ್ಲಿನ ಕಡೆಯಿಂದ ಹಿಂದಕ್ಕೆ ಜಾರಿ, ಗೋಡೆಗೆ ಒಂದು ಗೀರೂ ಬೀಳದೆ, ಹೊರಗೆ ಬಂತು.

"ನಂದಿತು ನೋಡು," ಎಂದ ವೈಜಿನಾಥ. ಅವನ ಬೆಳ್ಳಿ ಚುಕ್ಕೆಗಳೆಲ್ಲ ಒಮ್ಮೆಲೇ ಹೋಗಿದ್ದವು. "ನಿನ್ನ ಮೂಗುತಿನೂ ಹೋತು," ಎಂದ. ನಾನು ಮುಖದ ಬಟ್ಟೆ ಸರಿಸಿ ಅವನ ಬೆರಳನ್ನು ತಂದು ಮೂಗುತಿಯ ಮೇಲಿಟ್ಟೆ.

ಒಂದು ವಾರಕ್ಕೆ ಕೆಂಪು ಇಳಿಯಿತು, ಅವನು ಮಗುವಿನಂತೆ ನಿದ್ದೆ ಮಾಡಿದ. ಕಣ್ಣು ಉಳಿದಿತ್ತು. ಆ ವಾರವೇ ಜಬೀನ್ ಸುತ್ತಲಿನ ಜಿಲ್ಲೆಗಳ ನಾಲ್ವರು ಸರ್ಕಾರಿ ಡಾಕ್ಟರರನ್ನು ಸದ್ದಿಲ್ಲದೆ ಕರೆಸಿದಳು. ಹೊಸ ಕಲಮು ಹಿಡಿಯಲು ಕಲಿಯಲು ನನ್ನ ಕಾರ್ಖಾನೆಯ ನೆಲದ ಮೇಲೆ ಅವರೆಲ್ಲ ಸಾಲಾಗಿ ಕೂತರು.

ಎಂಟನೆಯ ದಿನ ಬೆಳಿಗ್ಗೆ, ನಾನು ಕೆತ್ತುವ ಗೆರೆ ಕಾಣಲೆಂದು ಒಂದು ತಟ್ಟೆಗೆ ಮೈಲುತುತ್ತ ಸವರಿ ಕಪ್ಪು ಮಾಡುತ್ತಿದ್ದಾಗ ಫೋನ್ ಬಂತು. ಚಿಮಕೋಡೆ. ಹೈದರಾಬಾದಿನ ಗೋಡೆಯ ಮೇಲೆ ನಮ್ಮ ಕೆಂಪು ಚುಕ್ಕೆ ಆರಿಹೋಗಿತ್ತು. ಕಣ್ಣು ತೆಗೆದಿರಬಹುದು ಎಂದುಕೊಂಡಿದ್ದನಂತೆ, ಬೀದರಿನಿಂದ ಯಾರೋ ಕಾಕಾರ ಕಣ್ಣು ಹಾಗೇ ಇದೆ ಎಂದರಂತೆ.

"ನೀವು ಗೆದ್ರಿ ಉಸ್ತಾದ್. ನನಗ ಭಾಳ ಖುಷಿ ಆಗ್ಯದ. ಖರೇನೇ," ಎಂದ. "ಆದ್ರ ಆ ಹಲ್ಲು ದಾಟಿ ಹ್ಯಾಂಗ ತಗದ್ರಿ?"

ಹಲ್ಲಿನ ಮಾತನ್ನು ನಾನು ಎತ್ತಿರಲಿಲ್ಲ. ಅವನೇ ಎತ್ತಿದ. ಅಲ್ಲಿಯವರೆಗೂ ಎಲ್ಲೋ ಮನಸ್ಸಿನ ಮೂಲೆಯಲ್ಲಿ, ಕಂಪನಿಯವರು ಇವನಿಗೆ ತಿಳಿಯದಂತೆ ಹಾಕಿರಬಹುದು ಎಂಬ ಒಂದು ಹುಚ್ಚು ಆಸೆ ಉಳಿದಿತ್ತು. ಅದೂ ಹೋಯಿತು.

"ಹೇಳ್ರಿ ಉಸ್ತಾದ್. ಎಲ್ಲಾ ಕಡಿ ಕಲಸ್ತೀನಿ. ಇನ್ನೂ ಸಾವಿರ ಮಂದಿಗಿ ನೋವದ."

ಅವನ ಹಿಂದೆ ಯಾರೋ ಪಿಸುಗುಟ್ಟಿದ್ದು, ಬೆರಳುಗಳು ಟಕಟಕ ಎಂದು ಏನನ್ನೋ ಬರೆದುಕೊಳ್ಳುತ್ತಿದ್ದದ್ದು ನನಗೆ ಕೇಳಿಸಿತು. ಕಲಿಸುವವನು ಹೀಗೆ ಕೇಳುವುದಿಲ್ಲ. ನಾನು ಬಾಯಿ ಬಿಟ್ಟರೆ ಆ ಮಧ್ಯಾಹ್ನವೇ ದೇಶದ ಎಲ್ಲ ಯಂತ್ರಗಳ ಮಣಿಕಟ್ಟು ನೆಟ್ಟಗಾಗುತ್ತದೆ. ಆಮೇಲೆ ಕೊಯ್ಯುವ ಒಂದು ಕಣ್ಣಿಗೂ ಹಿತ್ತಿಲ ಬಾಗಿಲು ಇರುವುದಿಲ್ಲ.

"ಏನಿಲ್ಲಪ್ಪಾ," ಎಂದೆ. "ನಿಮ್ಮ ಕಾಕಾಂದು ಬಿಲ್ಲೆ ಬಿರುಕು ಬಿಟ್ಟಿತ್ತಲ್ಲ. ಹಲ್ಲು ತಾನೇ ಮುರದಿತ್ತು. ನಮ್ಮ ನಸೀಬು."

ಆ ಕಡೆ ಬೆರಳುಗಳ ಟಕಟಕ ನಿಂತಿತು. ಆಮೇಲೆ ಅವನು ಕೇಳಿದ, ಈ ಸಲ ಮೆಲ್ಲಗೆ, ನೆಲದ ಮೇಲೆ ಕೂತು ಕೇಳುತ್ತಿದ್ದನಲ್ಲ, ಅದೇ ದನಿಯಲ್ಲಿ.

"ಮತ್ತ ತೋಡು ಹ್ಯಾಂಗಿತ್ರೀ ಉಸ್ತಾದ್? ಸ್ಕ್ಯಾನ್‌ದಾಗ ನೋಡಿರ್ತೀರಿ. ನನ್ನ ಕೈಯಾಗ ಏನರೆ ತಪ್ಪಿತ್ತೇನು?"

ಎದುರಿಗೆ ಜಬೀನ್ ಮತ್ತು ಆ ನಾಲ್ವರು ಬಟ್ಟಲುಗಳ ಮೇಲೆ ಬಾಗಿದ್ದರು. ಜಗಲಿಯ ಮೇಲೆ ವೈಜಿನಾಥ ಬೇಳೆಯನ್ನು ಕೈಬೆರಳಿನಿಂದ ತಡವುತ್ತ ಕಲ್ಲು ಹುಡುಕುತ್ತಿದ್ದ.

"ಇಲ್ಲಪ್ಪಾ," ಎಂದೆ. "ಒಂದ್ ತಪ್ಪಿಲ್ಲ. ಕೊನೀತನಕಾ ಛಲೋ ಅದ."

ಅವನು ಅತ್ತುಬಿಟ್ಟ. ಹನ್ನೆರಡು ವರ್ಷದಿಂದ ಆ ಮಾತಿಗೆ ಕಾದಿದ್ದೆ ಎಂದು ಬಿಕ್ಕುತ್ತ ಹೇಳಿದ. ಆ ಅಳು ನಿಜವಾದದ್ದು, ಅದು ನನಗೆ ಗೊತ್ತು. ಮಗನೆಂದು ಸಾಕಿದವನು ನನಗೆ ಮೋಸ ಮಾಡಿದ, ತಪ್ಪನ್ನು ಛಲೋ ಎಂದು ನಾನು ಅಪ್ಪನಿಗೆ ಮೋಸ ಮಾಡಿದೆ. ಫೋನ್ ಇಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ತಟ್ಟೆಯನ್ನು ಮುಂದಕ್ಕೆ ಎಳೆದುಕೊಂಡು ಕಲಮು ಹಚ್ಚಿದೆ.

ಅದು ಮೊಂಡಾಗಿರಲಿಲ್ಲ. ಎಂದಿನಂತೆಯೇ ಕೊಯ್ಯಿತು.